ಒಂದೇ ಸೀಟಿನ ಗಾಡಿ

ವಾಡಿ ಕಡೆಯಿಂದ ಬರುವ ರೈಲು ಬೆಳಗಿನ ಹೊತ್ತು ಲಿಂಗಂಪಲ್ಲಿಯಲ್ಲಿ ನಿಂತರೆ ಪ್ಲಾಟ್‌ಫಾರ್ಮಿನ ಮೇಲೆ ಒಮ್ಮೆಲೇ ಕನ್ನಡ ಕೇಳತೊಡಗುತ್ತದೆ. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಮಂದಿ. ಬಟ್ಟೆಯ ಗಂಟು, ರೊಟ್ಟಿಯ ಬುತ್ತಿ, ಕಂಕುಳಲ್ಲಿ ಮಗು. ಹೈದರಾಬಾದಿನ ಪಡುವಣ ಅಂಚು ಎದ್ದು ನಿಂತಿರುವುದೇ ಇವರ ಬೆವರಿನ ಮೇಲೆ. ಹೆಚ್ಚಿನವರು ಗಾರೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ಊರಲ್ಲಿ ಟ್ರ್ಯಾಕ್ಟರ್ ಹೊಡೆದು ಕೈ ಪಳಗಿದ ಹುಡುಗರಿಗೆ ಇಲ್ಲಿ ಬೇರೆಯದೇ ಕೆಲಸ ಸಿಗುತ್ತದೆ. ನಲ್ಲಗಂಡ್ಲ, ತೆಲ್ಲಾಪುರ, ಗೋಪನಪಲ್ಲಿಯ ಅಪಾರ್ಟ್‌ಮೆಂಟುಗಳಿಗೆ ನೀರು ತರುವ ಟ್ಯಾಂಕರ್, ಮರಳು, ಇಟ್ಟಿಗೆ, ಒಡೆದ ಕಟ್ಟಡದ ಮಣ್ಣು, ಎಲ್ಲವನ್ನೂ ಎಳೆಯುವುದು ಟ್ರ್ಯಾಕ್ಟರೇ. ಹೊಲ ಉಳಲು ಹುಟ್ಟಿದ ಯಂತ್ರ ಇಲ್ಲಿ ಒಂದು ಗುಂಟೆ ಹೊಲವನ್ನೂ ಕಾಣದೆ ವರ್ಷಗಟ್ಟಲೆ ದುಡಿಯುತ್ತದೆ.

ಕಳೆದ ಬೇಸಿಗೆಯಲ್ಲಿ ಅಂಥದೊಂದು ಟ್ಯಾಂಕರ್ ಅಪಾರ್ಟ್‌ಮೆಂಟಿನ ಇಳಿಜಾರಿನಲ್ಲಿ ಬೇಸ್‌ಮೆಂಟಿಗೆ ಇಳಿಯುವುದನ್ನು ಹತ್ತಿರದಿಂದ ನೋಡಿದೆ. ಸೇಡಂ ಕಡೆಯ ಹುಡುಗ, ಇಪ್ಪತ್ತು ದಾಟಿರಲಾರದು. ಬ್ರೇಕ್ ತುಳಿದ. ಟ್ರ್ಯಾಕ್ಟರ್ ನೇರವಾಗಿ ನಿಲ್ಲುವ ಬದಲು ಬಲಕ್ಕೆ ಸೆಳೆದು, ಮೂತಿ ಗೋಡೆಗೆ ಗೇಣುದೂರದಲ್ಲಿ ನಿಂತಿತು. ಹಿಂದಿನ ಟ್ಯಾಂಕರ್ ಎಡಕ್ಕೆ ವಾಲಿ ಮತ್ತೆ ಕೂತಿತು. ಅವನ ಮುಖದಲ್ಲಿ ಅಂಜಿಕೆಯ ಗೆರೆಯೂ ಇರಲಿಲ್ಲ, ದಿನವೂ ಹೀಗೇ ಆಗುತ್ತದೆಂಬ ಹಾಗೆ.

ನೀರು ಬಿಡುವಾಗ ಬಗ್ಗಿ ಪೆಡಲ್‌ಗಳನ್ನು ನೋಡಿದೆ. ಟ್ರ್ಯಾಕ್ಟರಿನ ಬಲಗಾಲ ಬಳಿ ಎರಡು ಬ್ರೇಕ್ ಪೆಡಲ್ ಇರುತ್ತವೆ. ಒಂದು ಎಡಗಡೆಯ ಹಿಂದಿನ ಗಾಲಿಗೆ, ಇನ್ನೊಂದು ಬಲಗಡೆಯದಕ್ಕೆ. ಸಾಲಿನ ಕೊನೆಗೆ, ಬದುವಿನ ಹತ್ತಿರ, ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸಬೇಕಲ್ಲ, ಆಗ ಒಂದೇ ಗಾಲಿ ಹಿಡಿದರೆ ಟ್ರ್ಯಾಕ್ಟರ್ ಅದರ ಮೇಲೆ ಬುಗುರಿಯಂತೆ ತಿರುಗುತ್ತದೆ. ಹೊಲದಲ್ಲಿ ಇದು ವರ. ರಸ್ತೆಗೆ ಬಂದ ಕೂಡಲೇ ಎರಡೂ ಪೆಡಲ್‌ಗಳನ್ನು ಒಂದಾಗಿ ಬಿಗಿಯಲೆಂದು ನಡುವೆ ಬೆರಳುದ್ದದ ಒಂದು ಕಬ್ಬಿಣದ ಕೊಂಡಿ ಇಟ್ಟಿರುತ್ತಾರೆ. ಅದನ್ನು ಹಾಕದೆ ವೇಗದಲ್ಲಿರುವಾಗ ಒಂದೇ ಪೆಡಲ್ ತುಳಿದರೆ ಗಾಡಿ ಪಕ್ಕಕ್ಕೆ ಸೆಳೆದು ಮಗುಚುತ್ತದೆ. ಈ ಟ್ರ್ಯಾಕ್ಟರಿನಲ್ಲಿ ಕೊಂಡಿ ಇತ್ತು. ಒಣಗಿದ ಕೆಸರು, ಗ್ರೀಸ್, ತುಕ್ಕು ಸೇರಿ ಒಂದು ಪೆಡಲಿಗೆ ಅಂಟಿಕೊಂಡುಬಿಟ್ಟಿತ್ತು. ಬೆರಳಿನಿಂದ ಅಲ್ಲಾಡಿಸಿದೆ, ಮಿಸುಕಲಿಲ್ಲ. ಇದು ಯಾತಕ್ಕಿದೆ ಗೊತ್ತೇ ಎಂದು ಕೇಳಿದೆ.

‘ಗೊತ್ತಿಲ್ರೀ ಸರ. ಗಾಡಿ ನನ್ನ ಕೈಗೆ ಬಂದಾಗಿಂದ ಹಿಂಗೇ ಅದ.’

ಅವನ ಹಿಂದೆ ಇದ್ದದ್ದು 5,000 ಲೀಟರಿನ ಟ್ಯಾಂಕರ್. ನೀರಿನ ತೂಕವೇ 5 ಟನ್. ಅದನ್ನು ಎಳೆಯುವ ಟ್ರ್ಯಾಕ್ಟರ್ ತೂಗುವುದು 2 ಟನ್ ಆಸುಪಾಸು. ಟ್ಯಾಂಕರಿಗೆ ಸ್ವಂತ ಬ್ರೇಕ್ ಇಲ್ಲ. ಏರಿನಲ್ಲಿ ಟ್ರ್ಯಾಕ್ಟರ್ ಟ್ಯಾಂಕರನ್ನು ಎಳೆಯುತ್ತದೆ, ಸರಿ. ಇಳಿಜಾರಿನಲ್ಲಿ ಟ್ಯಾಂಕರೇ ಟ್ರ್ಯಾಕ್ಟರನ್ನು ನೂಕುತ್ತದೆ, ಟ್ರ್ಯಾಕ್ಟರಿನ ಎರಡೂವರೆ ಪಟ್ಟು ತೂಕದ ಬಲದಿಂದ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವ ಚಟ ನಮ್ಮ ಡ್ರೈವರುಗಳಲ್ಲಿ ಬಹಳ. ಗೇರಿನಲ್ಲಿದ್ದಾಗ ಎಂಜಿನ್ ಗಾಡಿಯನ್ನು ಹಿಡಿದಿಡುತ್ತದೆ. ನ್ಯೂಟ್ರಲ್ ಮಾಡಿದೊಡನೆ ಆ ಹಿಡಿತವೂ ಹೋಗಿ, ಉಳಿಯುವುದು ಎರಡು ಪೆಡಲ್, ಅವೂ ಒಂದಕ್ಕೊಂದು ಕೂಡಿಲ್ಲ. ಟ್ಯಾಂಕರ್ ಅರ್ಧ ಖಾಲಿಯಾಗಿದ್ದರೆ ಇನ್ನೂ ಕೆಟ್ಟದ್ದು. ತುಂಬಿದ ಕೊಡ ತುಳುಕುವುದಿಲ್ಲವೆಂದು ನಾವು ಆಡಿಕೊಳ್ಳುವುದು ಮನುಷ್ಯರ ಬಗ್ಗೆ, ಆದರೆ ಟ್ಯಾಂಕರಿಗೆ ಅದು ಅಕ್ಷರಶಃ ಸತ್ಯ. ಒಳಗೆ ಅಡ್ಡತಡೆ ಹಲಗೆಗಳಿಲ್ಲದ ಟ್ಯಾಂಕರಿನಲ್ಲಿ ಅರ್ಧ ನೀರು ತಿರುವಿನಲ್ಲಿ ಒಂದೇ ಪಕ್ಕಕ್ಕೆ ಬಂದು ಬಡಿಯುತ್ತದೆ. ಲಿಂಗಂಪಲ್ಲಿಯ ರೈಲ್ವೆ ಕೆಳಸೇತುವೆಯ ಇಳಿಜಾರು, ಮಳೆ ಬಂದರೆ ಕೆರೆಯಾಗುವ ಜಾಗ, ಅಂಥಲ್ಲಿ ಈ ಗಾಡಿಗಳು ಬಸ್ಸು, ಆಟೊ, ಶಾಲೆಯ ವ್ಯಾನುಗಳ ನಡುವೆ ದಿನವೂ ಇಳಿದು ಏರುತ್ತವೆ.

ಟ್ರ್ಯಾಕ್ಟರ್ ಅಪಘಾತವೆಂದರೆ ವೇಗದಿಂದ ಆಗುವ ಅಪಘಾತ ಎಂದು ನಾವು ತಿಳಿದಿದ್ದೇವೆ. ಕಾರಿನ ವಿಷಯದಲ್ಲಿ ಅದು ದೊಡ್ಡ ಮಟ್ಟಿಗೆ ನಿಜ. ಟ್ರ್ಯಾಕ್ಟರ್ ಮಾತ್ರ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲೂ ಮನುಷ್ಯನನ್ನು ಕೊಲ್ಲುತ್ತದೆ, ನಿಂತಲ್ಲಿಯೇ ಕೊಲ್ಲುತ್ತದೆ. ಅದು ಹೇಗೆಂದು ತಿಳಿಯಲು ಎತ್ತಿನ ಬಂಡಿಯನ್ನು ನೆನೆದರೆ ಸಾಕು. ಬಂಡಿಗೆ ಹೇರುವ ರೈತ ತೂಕ ನೋಡಿಯೇ ಹೇರುತ್ತಿದ್ದ. ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಎತ್ತಿ ಹಿಡಿಯುತ್ತದೆ. ಹಿಂದೆ ಭಾರವಾದರೆ ಮುಂದೆ ಏಳುತ್ತದೆ ಎಂಬ ಈ ಸರಳ ಲೆಕ್ಕ ನಮ್ಮ ಅಜ್ಜಂದಿರಿಗೆ ಅಂಗೈಯಲ್ಲಿತ್ತು. ಟ್ರ್ಯಾಕ್ಟರಿಗೂ ಅದೇ ಲೆಕ್ಕ. ಮುಂದಿನ ಸಣ್ಣ ಗಾಲಿಗಳ ಮೇಲಿನ ಭಾರ ಕಡಿಮೆಯಾದಷ್ಟೂ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಇನ್ನೂ ಕಡಿಮೆಯಾದರೆ ಮೂತಿ ಮೇಲೇಳುತ್ತದೆ. ಕಬ್ಬಿನ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಸೇತುವೆಯ ಏರಿನಲ್ಲಿ ಕುದುರೆಯ ಹಾಗೆ ಮುಂಗಾಲು ಎತ್ತುವುದನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ನೋಡದವರಿಲ್ಲ. ಹುಡುಗರು ಅದಕ್ಕೆ ಸಿಳ್ಳೆ ಹೊಡೆಯುತ್ತಾರೆ, ಮೊಬೈಲಿನಲ್ಲಿ ಹಿಡಿಯುತ್ತಾರೆ.

ಎತ್ತಿಗೂ ಟ್ರ್ಯಾಕ್ಟರಿಗೂ ಒಂದು ವ್ಯತ್ಯಾಸವೂ ಇದೆ. ಒಡೆಯ ಬಿದ್ದರೆ ಎತ್ತು ನಿಲ್ಲುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಎತ್ತಿನ ಬೇಸಾಯವನ್ನು ಸುಧಾರಿಸುವ ಯತ್ನವೂ ನಡೆಯಿತು. ಲಿಂಗಂಪಲ್ಲಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ಪಟಾನ್‌ಚೆರುವಿನಲ್ಲಿ 1972ರಲ್ಲಿ ನೆಲೆಯೂರಿದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಕಪ್ಪು ನೆಲದ ಬೇಸಾಯಕ್ಕೆಂದು ಎತ್ತು ಎಳೆಯುವ, ರೈತ ಮೇಲೆ ಕೂತು ನಡೆಸುವ ಗಾಲಿಯ ಸಲಕರಣೆಗಳನ್ನು ವರ್ಷಗಟ್ಟಲೆ ಪ್ರಯೋಗಿಸಿತು. ರೈತರ ಮನೆಗಳಲ್ಲಿ ಅವು ಹೆಚ್ಚು ನಿಲ್ಲಲಿಲ್ಲ, ಟ್ರ್ಯಾಕ್ಟರ್ ಬಂದು ಕೂತಿತು. ಬಂದದ್ದು ತಪ್ಪೆಂದು ನಾನು ಹೇಳಲಾರೆ. ಎರೆನೆಲದಲ್ಲಿ ಜೋಡೆತ್ತು ಕಟ್ಟಿ ಬೇಸಿಗೆಯ ಬಿಸಿಲಲ್ಲಿ ರಂಟೆ ಹೊಡೆದವರ ಬೆನ್ನನ್ನು ನೋಡಿದವನು ನಾನು. ಆದರೆ ಎತ್ತಿನ ಜೊತೆ ಹತ್ತನೆಯ ವಯಸ್ಸಿನಿಂದ ಕಲಿತುಕೊಳ್ಳುತ್ತಿದ್ದ ಅರಿವು ಇತ್ತಲ್ಲ, ಟ್ರ್ಯಾಕ್ಟರಿನ ಜೊತೆ ಅದು ಬರಲಿಲ್ಲ. ಶೋರೂಮಿನಲ್ಲಿ ಕೀಲಿ ಕೊಟ್ಟು, ಹಾರ ಹಾಕಿ, ಫೋಟೊ ತೆಗೆಸಿ ಕಳಿಸಿಬಿಟ್ಟರು.

ಹಿಂದಕ್ಕೆ ಮಗುಚುವುದರ ಅತ್ಯಂತ ಕೆಟ್ಟ ಬಗೆ ಕೆಸರಿನಲ್ಲಿ ನಡೆಯುತ್ತದೆ. ಮಳೆಗಾಲದಲ್ಲಿ ಎರೆಹೊಲದಲ್ಲೋ ಸಿಂಧನೂರು, ಗಂಗಾವತಿಯ ಗದ್ದೆಯಲ್ಲೋ ಹಿಂದಿನ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ಡ್ರೈವರ್ ಇಳಿದು ಗಾಲಿಯ ಮುಂದೆ ಕಲ್ಲು ತುರುಕುತ್ತಾನೆ, ಇಲ್ಲವೇ ದಿಮ್ಮಿಯೊಂದನ್ನು ಗಾಲಿಗೇ ಹಗ್ಗದಿಂದ ಬಿಗಿಯುತ್ತಾನೆ. ಮತ್ತೆ ಹತ್ತಿ ಮೊದಲ ಗೇರು ಹಾಕಿ ಆಕ್ಸಿಲರೇಟರ್ ಏರಿಸಿ ಕ್ಲಚ್ ಥಟ್ಟನೆ ಬಿಡುತ್ತಾನೆ. ಈಗ ಗಾಲಿ ತಿರುಗಲಾರದು. ಎಂಜಿನ್ನಿನ ಬಲ ಎಲ್ಲಾದರೂ ಹೋಗಲೇಬೇಕು. ಗಾಲಿಯನ್ನು ತಿರುಗಿಸಲಾಗದ ಎಂಜಿನ್ ಗಾಡಿಯನ್ನೇ ಗಾಲಿಯ ಸುತ್ತ ತಿರುಗಿಸುತ್ತದೆ. ಮೂತಿ ಎದ್ದು, ನೆಟ್ಟಗೆ ನಿಂತು, ಸೀಟಿನ ಮೇಲಿದ್ದವನ ಮೇಲೆಯೇ ಬೀಳುತ್ತದೆ. ಮೂತಿ ಎದ್ದಾಗಿನಿಂದ ಬೀಳುವವರೆಗೆ ಹೆಚ್ಚೆಂದರೆ ಒಂದೂವರೆ ಸೆಕೆಂಡ್. ಅದರಲ್ಲಿ ಅರ್ಧ ಕಳೆಯುವ ಮೊದಲೇ ಕ್ಲಚ್ ತುಳಿದರೆ ಉಳಿಗತಿ, ಆಮೇಲೆ ತುಳಿದರೂ ಪ್ರಯೋಜನವಿಲ್ಲ. ಏನಾಗುತ್ತಿದೆ ಎಂದು ಮನಸ್ಸಿಗೆ ಹೊಳೆಯುವುದಕ್ಕೇ ಅಷ್ಟು ಹೊತ್ತು ಬೇಕು. ‘ಹಾರಿಕೊಳ್ಳಬೇಕಿತ್ತು’ ಎಂದು ಮಾರನೆಯ ದಿನ ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ಹಾರಲು ಯಾರಿಗೂ ಹೊತ್ತಿರುವುದಿಲ್ಲ.

ಹೂತ ಗಾಡಿಯನ್ನು ಮೇಲೆತ್ತುವ ದಾರಿ ಹಳೆಯ ಡ್ರೈವರುಗಳಿಗೆ ಗೊತ್ತಿದೆ. ಮೊದಲು ಹಿಂದಿನ ಸಲಕರಣೆಯನ್ನೋ ಟ್ರೇಲರನ್ನೋ ಬಿಚ್ಚಬೇಕು. ಗಾಲಿಯ ಹಿಂದಿನ ಮಣ್ಣು ತೋಡಿ ರಿವರ್ಸಿನಲ್ಲಿ ಮೆಲ್ಲಗೆ ಬರಬೇಕು, ಹಿಂದಕ್ಕೆ ಬರುವಾಗ ಮೂತಿ ಏಳುವುದಿಲ್ಲ. ಬಾರದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ ಉದ್ದನೆಯ ಸರಪಳಿಯಿಂದ ಎಳೆಸಬೇಕು. ಎಳೆಯುವ ಟ್ರ್ಯಾಕ್ಟರಿನ ಸರಪಳಿ ಕೆಳಗಿನ ಎಳೆಪಟ್ಟಿಗೇ ಬೀಳಬೇಕು. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿದರೆ ಎಳೆಯಲು ಬಂದವನ ಮೂತಿಯೇ ಎದ್ದೀತು. ಇನ್ನೊಂದು ಟ್ರ್ಯಾಕ್ಟರ್ ಬರುವವರೆಗೆ ಅರ್ಧ ದಿನ ಹೋಗುತ್ತದೆ, ಬಾಡಿಗೆ ತಪ್ಪುತ್ತದೆ, ಮಾಲೀಕ ಫೋನಿನಲ್ಲಿ ಬೈಯುತ್ತಾನೆ. ಎಕರೆ ಲೆಕ್ಕದಲ್ಲಿ ದುಡ್ಡು ಎಣಿಸುವ ಕೆಲಸದಲ್ಲಿ ಡ್ರೈವರ್ ಕಲ್ಲು ತುರುಕುವುದು ಈ ಬೈಗುಳದ ಅಂಜಿಕೆಗೆ.

ಮಗುಚಿದರೂ ಡ್ರೈವರ್ ಬದುಕುವ ಉಪಾಯವೊಂದನ್ನು ಜಗತ್ತು ಬಹಳ ಹಿಂದೆಯೇ ಕಂಡುಕೊಂಡಿದೆ. ಸೀಟಿನ ಹಿಂದೆ ಗಟ್ಟಿ ಉಕ್ಕಿನ ಒಂದು ಕಮಾನು, ಜೊತೆಗೆ ಸೀಟ್ ಬೆಲ್ಟ್, ಅಷ್ಟೇ. ಗಾಡಿ ಉರುಳಿದರೂ ಕಮಾನು ನೆಲಕ್ಕೆ ಆನಿ ಡ್ರೈವರಿಗೆ ಜಾಗ ಉಳಿಸುತ್ತದೆ, ಬೆಲ್ಟ್ ಅವನನ್ನು ಆ ಜಾಗದಲ್ಲಿ ಹಿಡಿದಿಡುತ್ತದೆ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಅಲ್ಲಿ 1957ರಲ್ಲಿ ಲಕ್ಷ ಟ್ರ್ಯಾಕ್ಟರಿಗೆ 12 ಮಂದಿ ಮಗುಚಿ ಸಾಯುತ್ತಿದ್ದರು. 1990ರ ಹೊತ್ತಿಗೆ ಅದು 0.2ಕ್ಕೆ ಇಳಿಯಿತು. ಅಲ್ಲಿನ ರೈತರು ರಾತ್ರೋರಾತ್ರಿ ಜಾಣರಾದರೆಂದು ಇದರ ಅರ್ಥವಲ್ಲ, ಅವರೂ ತಪ್ಪು ಮಾಡುತ್ತಲೇ ಇದ್ದರು. ತಪ್ಪು ಮಾಡಿದವನನ್ನು ಆ ಕಮಾನು ಉಳಿಸಿತು. ನಮ್ಮ ದೇಶದಲ್ಲಿ ತಯಾರಾಗಿ ಅಮೆರಿಕಕ್ಕೆ ಹೋಗುವ ಟ್ರ್ಯಾಕ್ಟರುಗಳ ಮೇಲೆ ಈ ಕಮಾನು ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಓಡಾಡುವ ಬಹುತೇಕ ಟ್ರ್ಯಾಕ್ಟರುಗಳ ಮೇಲೆ ಕಾಣುವುದು ನೆರಳಿಗೆಂದು ಹಾಕಿಸಿದ ತಗಡಿನ ಚಪ್ಪರ, ಅದರ ಸುತ್ತ ಬಣ್ಣದ ಜಾಲರಿ, ನಾಲ್ಕು ಸ್ಪೀಕರ್. ಉರುಳಿದರೆ ಆ ಚಪ್ಪರ ಹಪ್ಪಳದಂತೆ ಮುರಿಯುತ್ತದೆ. ಹೊಸ ಟ್ರ್ಯಾಕ್ಟರ್ ಕೊಳ್ಳುವವರು ಸ್ಪೀಕರಿಗಿಂತ ಮೊದಲು ಈ ಕಮಾನಿಗೆ ದುಡ್ಡು ಕೊಡಲಿ ಎಂದು ಕೈಮುಗಿದು ಕೇಳುತ್ತೇನೆ. ಸಾಲ ಕೊಡುವ ಬ್ಯಾಂಕುಗಳು, ಸಬ್ಸಿಡಿ ಕೊಡುವ ಇಲಾಖೆಗಳು ಈ ಒಂದು ಷರತ್ತನ್ನು ಸೇರಿಸಿದರೂ ಎಷ್ಟೋ ಮನೆಗಳ ದೀಪ ಉಳಿದೀತು.

ಟ್ರ್ಯಾಕ್ಟರಿನ ಹಿಂದೆ ತಿರುಗುತ್ತಾ ಬೇರೆ ಯಂತ್ರಗಳಿಗೆ ಬಲ ಕೊಡುವ ಪಿ.ಟಿ.ಒ. ದಂಡದ ಬಗ್ಗೆಯೂ ಒಂದು ಮಾತು. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಹಿಡಿ ಗಾತ್ರದ ಆ ದಂಡಕ್ಕೆ ಸೆರಗಿನ ತುದಿ ತಾಗಿದರೆ ಸೆಕೆಂಡಿಗೆ ಎರಡು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಐದೂವರೆ ಮೀಟರಿನ ಸೀರೆ ಮೂರು ಸೆಕೆಂಡಿನ ಲೆಕ್ಕ. ಅದರ ಮೇಲಿನ ಪ್ಲಾಸ್ಟಿಕ್ ಕವಚ ಒಡೆದುಹೋದರೆ ಮತ್ತೆ ಹಾಕಿಸುವವರು ಕಡಿಮೆ. ಒಕ್ಕಣೆ ಯಂತ್ರಗಳು ಕೈಗಳನ್ನು ನುಂಗುವುದು ಹೆಚ್ಚಾದಾಗ 1983ರಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ತಂದಿತು. ಕಾಯ್ದೆ ಕಪಾಟಿನಲ್ಲಿದೆ. ಕಣದಲ್ಲಿ ಈಗಲೂ ಹೆಣ್ಣುಮಕ್ಕಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದು ಜಾರದಿರಲೆಂದು ದೇವರ ಮೇಲೆ ಭಾರ ಹಾಕಿ ತೊಗರಿ ಕಟ್ಟು ಕೊಡುತ್ತಿರುತ್ತಾರೆ.

ಈ ಅಂಕಣ ಬರೆಯಲು ಕೂತದ್ದು ಇನ್ನೊಂದು ಕಾರಣಕ್ಕೆ. ಡ್ರೈವರಿನ ಮಾತು ಒಂದು ಕಡೆಯಾದರೆ, ಟ್ರೇಲರಿನಲ್ಲಿ ಕೂತವರದು ಬೇರೆಯೇ ಕಥೆ.

2018ರ ಏಪ್ರಿಲ್ 6. ಇದೇ ತೆಲಂಗಾಣದ ನಲ್ಲಗೊಂಡ ಜಿಲ್ಲೆಯ ವದ್ದಿಪಟ್ಲದ ಬಳಿ ಮೆಣಸಿನಕಾಯಿ ಬಿಡಿಸಲು ಹೊರಟ ಕೂಲಿಯವರ ಟ್ರ್ಯಾಕ್ಟರ್ ಕಾಲುವೆಗೆ ಬಿತ್ತು. ಒಂಬತ್ತು ಮಂದಿ ತೀರಿಕೊಂಡರು. ಎರಡೂವರೆ ತಿಂಗಳು ಕಳೆದಿತ್ತು, ಜೂನ್ 24ರ ಭಾನುವಾರ, ಯಾದಾದ್ರಿ ಭುವನಗಿರಿ ಜಿಲ್ಲೆಯ ವೇಮುಲಕೊಂಡದಲ್ಲಿ ಹತ್ತಿ ಬೀಜ ಊರಲು ಹೊರಟವರ ಟ್ರ್ಯಾಕ್ಟರ್ ಮೂಸಿ ಕಾಲುವೆಗೆ ಮಗುಚಿತು. 15 ಮಂದಿ, ಬಹುತೇಕ ಎಲ್ಲರೂ ಹೆಣ್ಣುಮಕ್ಕಳು. 2022ರ ಅಕ್ಟೋಬರ್ 1ರಂದು ಕಾನ್ಪುರದ ಘಾಟಂಪುರದ ಬಳಿ ದೇವಿಯ ದರ್ಶನ ಮುಗಿಸಿ ಬರುತ್ತಿದ್ದ ಟ್ರೇಲರ್ ಹೊಂಡಕ್ಕೆ ಉರುಳಿ ಕನಿಷ್ಠ 26 ಮಂದಿ ಸತ್ತರು, ಹೆಂಗಸರು ಮತ್ತು ಮಕ್ಕಳೇ ಹೆಚ್ಚು. 2025ರ ಏಪ್ರಿಲ್ 4ರಂದು ನಮ್ಮ ಬೀದರಿಗೆ ಹತ್ತಿರದ ನಾಂದೇಡ್ ಜಿಲ್ಲೆಯ ಆಲೆಗಾಂವದಲ್ಲಿ ಅರಿಸಿನ ಕೀಳಲು ಹೊರಟಿದ್ದ ಏಳು ಹೆಣ್ಣುಮಕ್ಕಳು ಟ್ರ್ಯಾಕ್ಟರ್ ಸಮೇತ ಬಾವಿಯ ಪಾಲಾದರು. ಮೆಣಸಿನಕಾಯಿ, ಹತ್ತಿ, ಅರಿಸಿನ. ನಮ್ಮ ಅಡಿಗೆಮನೆಗೂ ಮೈಮೇಲಿನ ಬಟ್ಟೆಗೂ ಬರುವ ಪದಾರ್ಥಗಳು ಇವು.

ಕಾಲುವೆ ಆಳವಿರಲೇಬೇಕೆಂದಿಲ್ಲ. ಸೊಂಟಮಟ್ಟದ ನೀರಿನಲ್ಲಿ ಇಷ್ಟು ಜನ ಹೇಗೆ ಸಾಯುತ್ತಾರೆ ಎಂದು ಪತ್ರಿಕೆ ಓದಿದವರು ಕೇಳುವುದುಂಟು. ಟ್ರೇಲರ್ ಎಂದರೆ ಮೇಲ್ಗಡೆ ತೆರೆದ ಕಬ್ಬಿಣದ ಪೆಟ್ಟಿಗೆ. ನಮ್ಮ ಕಡೆ ಅದನ್ನು ಡಬ್ಬಿ ಎಂದೇ ಕರೆಯುತ್ತಾರೆ. ಪಕ್ಕಕ್ಕೆ ಉರುಳಿದ ಡಬ್ಬಿ ಪೂರ್ತಿ ಮಗುಚಿದರೆ ಬೋರಲು ಹಾಕಿದ ಬುಟ್ಟಿಯಾಗುತ್ತದೆ, ಒಳಗಿದ್ದವರು ಕೋಳಿಮರಿಗಳಂತೆ ಅದರ ಕೆಳಗೆ. ಟನ್ನಿಗೂ ಹೆಚ್ಚು ತೂಗುವ ಕಬ್ಬಿಣವನ್ನು ಕೆಸರಿನಲ್ಲಿ ಕಾಲೂರಲಾಗದ ನಾಲ್ಕು ಮಂದಿ ಎತ್ತಲಾರರು. ಇನ್ನೊಂದು ಟ್ರ್ಯಾಕ್ಟರೋ ಜೆಸಿಬಿಯೋ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡಿರುತ್ತದೆ. ಈಜು ಬಂದರೂ ಆ ಪೆಟ್ಟಿಗೆಯ ಕೆಳಗೆ ಈಜುವುದೆಲ್ಲಿಗೆ?

ಮೋಟಾರು ವಾಹನ ಕಾಯ್ದೆಯ ಅರ್ಥ ವಿವರಣೆಯಲ್ಲಿಯೇ ಟ್ರ್ಯಾಕ್ಟರೆಂದರೆ ತಾನಾಗಿ ಹೊರೆ ಹೊರುವುದಕ್ಕೆ ಕಟ್ಟಿದ ವಾಹನವಲ್ಲ ಎಂದಿದೆ. ನೋಂದಣಿ ಪತ್ರದಲ್ಲಿ ಆಸನಗಳ ಸಂಖ್ಯೆ 1. ಮಡ್‌ಗಾರ್ಡ್ ಸೀಟಲ್ಲ, ಅಪ್ಪ ಮಗನನ್ನು ಪ್ರೀತಿಯಿಂದ ಕೂರಿಸಿಕೊಳ್ಳುವ ಜಾಗ ಅದಾದರೂ ಸೀಟಲ್ಲ. ರೋಟವೇಟರ್ ತಿರುಗುತ್ತಿರುವಾಗ ಮಡ್‌ಗಾರ್ಡಿನಿಂದ ಜಾರಿದ ಮಗು ಎಲ್ಲಿಗೆ ಬೀಳುತ್ತದೆಂದು ಬಿಡಿಸಿ ಬರೆಯಲು ನನ್ನಿಂದಾಗದು. ವಿಮೆಯೂ ಆ ಒಂದೇ ಸೀಟಿನ ಲೆಕ್ಕಕ್ಕೆ ಬರುತ್ತದೆ. ಟ್ರೇಲರಿನಲ್ಲಿ ಕೂತ ಕೂಲಿಗೆ ವಿಮೆ ಇಳಿಸದಿದ್ದರೆ ಪರಿಹಾರದ ಹೊಣೆ ಮಾಲೀಕನ ತಲೆಗೆ. 2007ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣವೊಂದರಲ್ಲಿ ಟ್ರಾಲಿಯಲ್ಲಿ ಕೂತಿದ್ದ ಕೂಲಿಯಾಳಿನ ಬಗ್ಗೆ ವಿಮಾ ಕಂಪನಿಗೆ ಹೊಣೆಯಿಲ್ಲವೆಂದೇ ನ್ಯಾಯಾಲಯ ಹೇಳಿತು. ಅವನ ಬಡತನವನ್ನೂ ಗಾಯವನ್ನೂ ಕಂಡು, ಮೊದಲು ಕಂಪನಿ ದುಡ್ಡು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ತನ್ನ ವಿಶೇಷಾಧಿಕಾರ ಬಳಸಿ ಆದೇಶಿಸಿತು. ಎರಡೆಕರೆ ಮಾರಿದರೂ ತೀರದ ಸಾಲ ಇದು ಎಂದು ಎಷ್ಟು ಟ್ರ್ಯಾಕ್ಟರ್ ಮಾಲೀಕರಿಗೆ ಗೊತ್ತಿದೆ?

ವೇಮುಲಕೊಂಡದ ದುರಂತದ ಮುಂದಿನ ಆಗಸ್ಟಿನಲ್ಲೇ ತೆಲಂಗಾಣ ಸರ್ಕಾರ ರೈತು ಬಿಮಾ ಯೋಜನೆ ತಂದಿತು. ಯಾವ ಕಾರಣಕ್ಕೆ ರೈತ ಸತ್ತರೂ ಮನೆಯವರಿಗೆ 5 ಲಕ್ಷ ರೂಪಾಯಿ. ಒಳ್ಳೆಯ ಯೋಜನೆ, ಎಷ್ಟೋ ಮನೆಗಳಿಗೆ ಆಸರೆಯಾಗಿದೆ. ಆದರೆ ಅದು ಪಟ್ಟಾ ಇರುವ ರೈತನಿಗೆ. ಡಬ್ಬಿಯಲ್ಲಿ ಕೂತು ಬೇರೆಯವರ ಹೊಲಕ್ಕೆ ಹೋಗುವವಳ ಹೆಸರಿನಲ್ಲಿ ಪಹಣಿ ಇರುವುದಿಲ್ಲ.

ಹೆಣ್ಣುಮಕ್ಕಳು ಟ್ರೇಲರ್ ಹತ್ತಬಾರದೆಂದು ಪೊಲೀಸರು ಹೇಳುತ್ತಾರೆ, ದಂಡ ಹಾಕುತ್ತಾರೆ. ಕಾನ್ಪುರದ ಅಪಘಾತವಾದಾಗ ಅಲ್ಲಿನ ಮುಖ್ಯಮಂತ್ರಿಯೂ ಟ್ರ್ಯಾಕ್ಟರನ್ನು ಬೇಸಾಯಕ್ಕಷ್ಟೇ ಬಳಸಿ ಎಂದು ಜನರನ್ನು ಕೇಳಿಕೊಂಡರು. ಮಾತು ಸರಿಯೇ. ಆದರೆ ನಸುಕಿನ ಐದೂವರೆಗೆ ಊರ ಮುಂದೆ ನಿಂತ ಹೆಂಗಸಿನ ಜಾಗದಲ್ಲಿ ನಿಂತು ನೋಡಿ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ, ತೆಲಂಗಾಣದಲ್ಲಿ ಅದೇ ವರ್ಷದ ಡಿಸೆಂಬರ್ 9ರಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಪ್ರಯಾಣ ಉಚಿತ. ಬಸ್ಸು ಮಾತ್ರ ಹೊಲಕ್ಕೆ ಹೋಗುವುದಿಲ್ಲ. ಮೇಸ್ತ್ರಿ ಇಪ್ಪತ್ತೈದು ಆಳು ಬೇಕೆಂದು ಡಬ್ಬಿ ಕಳಿಸುತ್ತಾನೆ. ಹತ್ತದಿದ್ದರೆ ಅಂದಿನ ಕೂಲಿ ಇಲ್ಲ, ನಾಳೆಗೆ ಕರೆಯೂ ಇಲ್ಲ. ಡ್ರೈವರ್ ಯಾರು, ಅವನಿಗೆ ಲೈಸೆನ್ಸ್ ಇದೆಯೇ, ರಾತ್ರಿ ನಿದ್ದೆ ಮಾಡಿದ್ದಾನೆಯೇ, ಇದನ್ನೆಲ್ಲ ಕೇಳುವ ಹಕ್ಕು ತನಗಿದೆಯೆಂದೇ ಅವಳಿಗೆ ಅನ್ನಿಸುವುದಿಲ್ಲ. ಆದ್ದರಿಂದ ದಂಡ ಹಾಕುವುದಾದರೆ ಆಳು ಕರೆಸಿದ ಹೊಲದ ಒಡೆಯನಿಗೂ ಮೇಸ್ತ್ರಿಗೂ ಹಾಕಬೇಕು. ಮೆಣಸಿನಕಾಯಿ, ಹತ್ತಿ ಬಿಡಿಸುವ ಎರಡು ಮೂರು ತಿಂಗಳಾದರೂ ಪಂಚಾಯಿತಿಗೊಂದರಂತೆ ಬೆಳಗ್ಗೆ ಸಂಜೆ ಒಂದು ಮಿನಿ ಬಸ್ಸು ಓಡಿಸಿದರೆ ಸಾರಿಗೆ ನಿಗಮ ಮುಳುಗುವುದಿಲ್ಲ. ಕಾಲುವೆಯ ಏರಿಯನ್ನೇ ರಸ್ತೆ ಮಾಡಿಕೊಂಡ ಊರುಗಳಲ್ಲಿ ನೀರಾವರಿ ಇಲಾಖೆ ತಿರುವುಗಳಲ್ಲಾದರೂ ತಡೆಗೋಡೆ ಕಟ್ಟಬೇಕು. ಮೊಣಕಾಲೆತ್ತರದ ಗೋಡೆಯಿದ್ದರೂ ಗಾಲಿ ಅಲ್ಲಿ ತಡೆದು ನಿಂತೀತು.

ನಮ್ಮ ಬೀದರ, ಕಲಬುರಗಿಯ ಕಡೆ ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ನಡೆಯುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಗಡಿಗೆ, ಮೊಮ್ಮಕ್ಕಳು, ಹೈದರಾಬಾದಿನಿಂದ ರಜೆ ಹಾಕಿ ಬಂದ ಮಗಳು ಅಳಿಯ, ಎಲ್ಲರೂ ಡಬ್ಬಿಯಲ್ಲಿ. ಆ ಸಂತೋಷವನ್ನು ಕಸಿಯಲು ಯಾರಿಗೂ ಮನಸ್ಸು ಬಾರದು, ನನಗೂ ಬಾರದು. ಕಾರು, ಆಟೊ ಸಿಗುವ ಮನೆಗಳು ಅದರಲ್ಲೇ ಹೋಗಲಿ. ಹತ್ತಿರದ ಹೊಲವಾದರೆ ಗಡಿಗೆಯನ್ನು ಡಬ್ಬಿಗೆ ಏರಿಸಿ ಮಕ್ಕಳನ್ನು ನಡೆಸಿಕೊಂಡು ಹೋಗಿ. ನಾವು ಚಿಕ್ಕವರಿದ್ದಾಗ ನಡೆದೇ ಹೋಗುತ್ತಿದ್ದೆವು. ದಾರಿಯ ಕಡಲೆ ಗಿಡ ಕಿತ್ತು ತಿನ್ನುತ್ತಾ ಹೋಗುವ ಆ ನಡಿಗೆಯೇ ಹಬ್ಬದ ಅರ್ಧ ಭಾಗವಾಗಿತ್ತು.

ರಾತ್ರಿಯ ರಸ್ತೆಯದು ಇನ್ನೊಂದು ಕಥೆ. ಜಹೀರಾಬಾದ್ ದಾಟಿ ಹುಮನಾಬಾದಿನ ಕಡೆ ಹೋಗುವ ಹೆದ್ದಾರಿಯಲ್ಲಿ ಕಾರು ಗಂಟೆಗೆ 90 ಕಿಲೋಮೀಟರಿನಲ್ಲಿ ಬರುತ್ತಿದೆ ಎನ್ನಿ, ಅಂದರೆ ಸೆಕೆಂಡಿಗೆ 25 ಮೀಟರ್. ಮುಂದೆ ಕಬ್ಬಿನ ಟ್ರೇಲರ್ 20 ಕಿಲೋಮೀಟರಿನಲ್ಲಿ ತೆವಳುತ್ತಿದೆ. ಕಾರಿನ ಕೆಳಬೆಳಕಿಗೆ 60 ಮೀಟರ್ ದೂರದಲ್ಲಿ ಅದು ಕಂಡಿತೆಂದರೆ ಡಿಕ್ಕಿಗೆ ಮೂರೇ ಸೆಕೆಂಡ್. ಟ್ರೇಲರಿನ ಹಿಂದೆ ದೀಪವಿಲ್ಲ, ಇದ್ದರೂ ಇಳಿಬಿದ್ದ ಕಬ್ಬಿನ ಸೋಗೆ ಮುಚ್ಚಿರುತ್ತದೆ. ಜಾಣ ರೈತರು ಹಳೆಯ ಸಿ.ಡಿ.ಗಳನ್ನು ಕಟ್ಟಿ ಹೊಳೆಯುವಂತೆ ಮಾಡಿರುತ್ತಾರೆ. ಅವರ ಕಾಳಜಿಗೆ ನನ್ನ ನಮಸ್ಕಾರ, ಆದರೂ ಸಿ.ಡಿ. ಎಲ್ಲ ಕಡೆಯಿಂದ ಬಂದ ಬೆಳಕನ್ನೂ ಚಾಲಕನ ಕಣ್ಣಿಗೇ ಹಿಂದಿರುಗಿಸುವುದಿಲ್ಲ. ರಿಫ್ಲೆಕ್ಟರ್ ಪಟ್ಟಿ ಆ ಕೆಲಸ ಮಾಡುತ್ತದೆ. 1960ರ ದಶಕದ ಮೊದಲಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೆನ್ನೆತ್ ಹಾರ್ಕ್‌ನೆಸ್ ಎಂಬವರು ನಿಧಾನ ಚಲಿಸುವ ವಾಹನಗಳಿಗೆಂದೇ ಕಿತ್ತಳೆ ಕೆಂಪು ತ್ರಿಕೋನವೊಂದನ್ನು ರೂಪಿಸಿದರು. ದೂರದಿಂದ ಕಂಡರೂ ‘ಇದು ಮೆಲ್ಲಗೆ ಹೋಗುವ ಗಾಡಿ’ ಎಂದು ತಿಳಿಯಬೇಕೆಂಬುದೇ ಅದರ ಉದ್ದೇಶ. ನಮ್ಮಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಜಿಲ್ಲಾಡಳಿತ, ಸಕ್ಕರೆ ಕಾರ್ಖಾನೆಗಳು ಟ್ರೇಲರುಗಳಿಗೆ ರಿಫ್ಲೆಕ್ಟರ್ ಅಂಟಿಸುವ ಕಾರ್ಯಕ್ರಮ ನಡೆಸುತ್ತವೆ. ಕಾರ್ಖಾನೆಯ ಗೇಟಿನಲ್ಲಿ ತೂಕದ ಚೀಟಿ ಕೊಡುವ ಮೊದಲು ಹಿಂದಿನ ಪಟ್ಟಿ ಇದೆಯೇ ಎಂದು ನೋಡುವ ರೂಢಿ ಬಂದರೆ ಹಂಗಾಮು ಮುಗಿಯುವವರೆಗೂ ಅವು ಉಳಿದಾವು.

ಕಲಿಸುವ ಜಾಗಗಳು ಇಲ್ಲವೆಂದಲ್ಲ. ಬಳ್ಳಾರಿಯ ಗಡಿಯಾಚೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ 1983ರಿಂದ ಇದೆ. ಆ ಜಾಗಕ್ಕೆ ಟ್ರ್ಯಾಕ್ಟರ್ ನಗರ ಎಂದೇ ಹೆಸರು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಯಂತ್ರ ಬಾಡಿಗೆಗೆ ಕೊಡುತ್ತವೆ. ಬಾಡಿಗೆಯ ಚೀಟಿಯ ಜೊತೆ ಅರ್ಧ ತಾಸಿನ ಪಾಠ ಕೊಟ್ಟರೆ ಯಾರೂ ಬೇಡವೆನ್ನಲಾರರು. ಸ್ಕ್ರೂಡ್ರೈವರ್ ಇಟ್ಟು ಸ್ಟಾರ್ಟರ್ ಕಿಡಿ ಹಾರಿಸಿ ನೆಲದ ಮೇಲಿಂದಲೇ ಎಂಜಿನ್ ಎಬ್ಬಿಸುವ ಚಾಳಿಯನ್ನು ಅಂಥ ಪಾಠದಲ್ಲಿ ಮೊದಲು ಬಿಡಿಸಬೇಕು. ಗೇರಿನಲ್ಲಿದ್ದ ಗಾಡಿ ಎದ್ದ ಕೂಡಲೇ ಗಾಲಿ ಮುಂದೆ ನಿಂತವನ ಮೇಲೆಯೇ ಹರಿಯುತ್ತದೆ. ಹದಿನೆಂಟು ತುಂಬದ ಮಗನ ಕೈಗೆ ಸ್ಟೀರಿಂಗ್ ಕೊಟ್ಟ ತಂದೆಗೆ 2019ರ ತಿದ್ದುಪಡಿಯ ಪ್ರಕಾರ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎಂಬುದನ್ನೂ ತಿಳಿಸಬೇಕು. ಜಾತ್ರೆಯ ಸ್ಪರ್ಧೆಗಳ ಬಗ್ಗೆಯೂ ಮಾತಾಡಬೇಕು. ಟ್ರೇಲರ್ ಕಟ್ಟಿ ರಿವರ್ಸ್ ಹೊಡೆಯುವ ಪಂದ್ಯ ನನಗೆ ಇಷ್ಟ, ಅದರಲ್ಲಿ ಕಸುಬಿದೆ, ತಾಳ್ಮೆಯಿದೆ. ಎರಡು ಟ್ರ್ಯಾಕ್ಟರುಗಳ ಬೆನ್ನಿಗೆ ಬೆನ್ನು ಕಟ್ಟಿ ಎಳೆದಾಡಿಸುವುದು ಬೇರೆ, ಅದು ಮೂತಿ ಎತ್ತುವ ಆಟ. ಪಂಜಾಬಿನಲ್ಲಿ 2023ರ ಅಕ್ಟೋಬರಿನಲ್ಲಿ ಟ್ರ್ಯಾಕ್ಟರ್ ಸಾಹಸ ತೋರಿಸುತ್ತಿದ್ದ ಯುವಕ ತನ್ನದೇ ಗಾಡಿಯ ಕೆಳಗೆ ಸಿಕ್ಕಿ ಸತ್ತ ಮೇಲೆ ಅಲ್ಲಿನ ಸರ್ಕಾರ ಇಂಥ ಪ್ರದರ್ಶನಗಳನ್ನೇ ನಿಷೇಧಿಸಿತು.

ಟ್ಯಾಂಕರಿನ ಹುಡುಗನ ವಿಷಯ ಅರ್ಧಕ್ಕೇ ಬಿಟ್ಟೆ. ನೀರು ಪೂರ್ತಿ ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾವಿಬ್ಬರೂ ಆ ಕೊಂಡಿಯ ಜೊತೆ ಗುದ್ದಾಡಿದೆವು. ಅವನು ಬಾಟಲಿಯಿಂದ ಡೀಸೆಲ್ ಸುರಿದ, ಚಿಂದಿಯಿಂದ ಕೆಸರು ಒರೆಸಿದ, ಸ್ಪ್ಯಾನರಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿದ. ನಾಲ್ಕನೆಯದೋ ಐದನೆಯದೋ ಏಟಿಗೆ ಅದು ಸಡಿಲವಾಗಿ ಪಕ್ಕದ ಪೆಡಲಿನ ಮೇಲೆ ಟಣ್ಣೆಂದು ಬಿತ್ತು. ಖಾಲಿ ಟ್ಯಾಂಕರ್ ಎಳೆದುಕೊಂಡು ಇಳಿಜಾರು ಹತ್ತಿ, ಮೇಲೆ ರಸ್ತೆಗೆ ಸೇರುವ ಜಾಗದಲ್ಲಿ ಬ್ರೇಕ್ ತುಳಿದು ನೋಡಿದ. ಗಾಡಿ ಅತ್ತಿತ್ತ ಸೆಳೆಯದೆ ನಿಂತಿತು. ಇನ್ನೊಮ್ಮೆ ಮುಂದೆ ಹೋಗಿ ತುಳಿದ. ಮತ್ತೆ ನೆಟ್ಟಗೆ ನಿಂತಿತು.

ಗಾಡಿ ಬದಿಗೆ ಹಾಕಿ, ಎಂಜಿನ್ ಆರಿಸಿ, ಕೈಬ್ರೇಕ್ ಎಳೆದು, ಅಂಗಿಯ ಜೇಬಿನಿಂದ ಫೋನ್ ತೆಗೆದ. ಊರಲ್ಲಿ ಅವನ ತಂದೆಯೂ ಬಾಡಿಗೆಯ ಟ್ರ್ಯಾಕ್ಟರ್ ಹೊಡೆಯುತ್ತಾರಂತೆ. ಆ ಕಡೆ ಯಾವುದೋ ಸದ್ದಿನ ನಡುವೆ ಅವರಿಗೆ ಕೇಳುತ್ತಿರಲಿಲ್ಲವೆಂದು ಕಾಣುತ್ತದೆ, ಹುಡುಗ ದನಿ ಏರಿಸಿ ಮತ್ತೆ ಮತ್ತೆ ಹೇಳುತ್ತಿದ್ದ: ‘ಅಪ್ಪಾ, ಬ್ರೇಕ್ ಪೆಡಲ್ ಎರಡು ಅದಾವಲ್ಲ, ಅವುಗಳ ನಡುವ ಒಂದು ಕೊಂಡಿ ಇರ್ತದ ನೋಡು... ಹೂಂ, ಕೆಳಗ ಬಗ್ಗಿ ನೋಡು... ತುಕ್ಕು ಹಿಡಿದಿರ್ತದ, ಡೀಸೆಲ್ ಹಾಕು...’